ಏಳನೇ ಅರ್ಥದ ಮನೆ

ನನ್ನ ಬಾಯಲ್ಲಿ ನಲವತ್ತೊಂದು ಜನ ಇದ್ದಾರೆ. ಅಮಲ್ದಾರರು, ಅವರ ಹೆಂಡತಿ, ಅವರ ಹೆಂಡತಿಯ ಗಿಳಿ, ಮೂಗಿನಿಂದಲೇ ಪಾಠ ಮಾಡುವ ಹೆಡ್ಮಾಸ್ತರು, ಬಸಲಿಂಗನ ಹೋಟೆಲಿನ ಪಂಪ್ ಸ್ಟೋವು. ಸ್ಟೋವನ್ನು ಜನರ ಲೆಕ್ಕಕ್ಕೆ ಹಿಡಿಯಬಾರದು ಅಂತ ನೀವು ಹೇಳಬಹುದು. ಆದರೆ ನಮ್ಮೂರಿನ ಅರ್ಧ ಮಂದಿಗಿಂತ ಅದೇ ಚೆನ್ನಾಗಿ ಮಾತಾಡುತ್ತದೆ. ಸಂಜೆ ನಾಲ್ಕಕ್ಕೆ ಹೋಟೆಲಿನ ಬೆಂಚಿನ ಮೇಲೆ ಕೂತು ನಾನು ಒಬ್ಬೊಬ್ಬರನ್ನೇ ಹೊರಗೆ ಬಿಡುತ್ತಿದ್ದೆ. ಜನ ಚಹಾ ಉಗುಳಿಕೊಂಡು ನಗುತ್ತಿದ್ದರು. ಕೊನೆಗೆ ನಲವತ್ತೊಂದನೆಯ ದನಿ ಬರುತ್ತಿತ್ತು. ಹೆಣ್ಣು ದನಿ, ಸ್ವಲ್ಪ ಒಡಕು, ಕೊನೆಯಲ್ಲಿ ಗಾಳಿಪಟದ ಬಾಲದ ಹಾಗೆ ಮೇಲಕ್ಕೆ ಏಳುವುದು: "ಸರ್ಕೊಳ್ರೀ, ಬಿಸಿ ಇದೆ!"

ಅಷ್ಟಕ್ಕೆ ನಗು ನಿಂತುಹೋಗುತ್ತಿತ್ತು. "ಇದು ಯಾರಪ್ಪ?" ಅಂತ ಬಸಲಿಂಗ ಕೇಳುತ್ತಿದ್ದ. ನನಗೂ ಗೊತ್ತಿರಲಿಲ್ಲ. ನಾಲ್ಕೈದು ವರ್ಷದ ಹುಡುಗನಾಗಿದ್ದಾಗಿನಿಂದ ಆ ದನಿ ನನ್ನ ಬಾಯಲ್ಲಿತ್ತು. ಯಾರದು ಅಂತ ಕೇಳಿದರೆ, "ಸ್ವಂತ ತಯಾರಿ" ಅನ್ನುತ್ತಿದ್ದೆ. "ಹಾಗಾದರೆ ಮಾಲು ಸರಿಯಿಲ್ಲ, ಬೇರೆ ಹಾಕು" ಅನ್ನುತ್ತಿದ್ದ ಬಸಲಿಂಗ.

ನಮ್ಮೂರಿನ ಆ ಒಂದು ಕ್ರಿಯಾಪದದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಲೆಸ್ಸೇ. ನಾನು ಹೊರ ಊರಿನಲ್ಲಿ ಬಿ.ಎ. ಓದುವಾಗ ನಮ್ಮ ಇಂಗ್ಲಿಷ್ ಮೇಷ್ಟ್ರನ್ನು ಕೇಳಿದ್ದೆ. ಅದು ಆಂಗ್ಲೋ-ನಾರ್ಮನ್ ಮಾತಯ್ಯ, ಏಳೆಂಟುನೂರು ವರ್ಷದ ಹಿಂದೆ ಇಂಗ್ಲೆಂಡಿನ ದೊರೆಗಳೂ ವಕೀಲರೂ ಆಡುತ್ತಿದ್ದ ಒಂದು ಥರದ ಫ್ರೆಂಚು, ಬಿಡು ಅಂತ ಅರ್ಥ, ನಿನಗೆ ಯಾಕೆ ಬೇಕು, ಬಿಡು, ಅಂದರು. ಅವರಿಗೆ ಅದು ಪುಸ್ತಕದ ಮಾತು, ನಮ್ಮೂರಿಗೆ ಅದು ನಲ್ಲಿ ನೀರು. ನಮ್ಮಲ್ಲಿ ಅದಕ್ಕೆ ಏಳು ಅರ್ಥ, ಏಳು ಅರ್ಥಕ್ಕೆ ಏಳು ಮನೆ. ಊರು ಬಿಟ್ಟು ಹೋಗುವುದು ಮೊದಲನೇ ಅರ್ಥ. ಆ ಮನೆಯ ಯಜಮಾನ ಗಡಿಕಲ್ಲಿನ ಹತ್ತಿರ ನಿಂತು ನಿಮ್ಮನ್ನು ನೋಡಿ "ಲೆಸ್ಸೇ" ಅಂದರೆ ಮಾತ್ರ ನಿಮ್ಮ ಕಾಲು ಊರು ದಾಟುತ್ತದೆ. ಹೇಳಿಸಿಕೊಳ್ಳದೆ ಹೊರಟವರು ಎಷ್ಟು ನಡೆದರೂ ಬಸಲಿಂಗನ ಹೋಟೆಲಿಗೇ ಬಂದು ನಿಲ್ಲುತ್ತಾರೆ. ಬಿಟ್ಟುಕೊಡುವುದು, ಬಾಡಿಗೆಗೆ ಬಿಡುವುದು, ಮಕ್ಕಳಿಗೆ ಅಂತ ಬಿಟ್ಟು ಸಾಯುವುದು, ಹೋಗಲಿ ಅಂತ ಬಿಡುವುದು, ಎಲ್ಲಕ್ಕೂ ಮನೆಗಳಿವೆ. ನಿಲ್ಲಿಸುವುದು ಮೂರನೇ ಅರ್ಥ. ಬೀದಿ ಜಗಳಕ್ಕೂ ಬಿಕ್ಕಳಿಕೆಗೂ ಆ ಮನೆಯ ಗಂಗಾಂಬಿಕಮ್ಮನನ್ನು ಕರೆಯುತ್ತಾರೆ.

ನಮ್ಮದು ಏಳನೇ ಅರ್ಥದ ಮನೆ. ಪಟ್ಟಿಯಿಂದ ಬಿಡುವುದು ನಮ್ಮ ಕೆಲಸ. ಮದುವೆಯ ಕಾಗದದಲ್ಲಿ ಯಾರ ಹೆಸರು ಬೇಡವೋ ಅದನ್ನು ನನ್ನ ಅಪ್ಪ ಸರ್ವೋತ್ತಮಯ್ಯನವರ ಮುಂದೆ ಓದಬೇಕು. ಅವರು "ಲೆಸ್ಸೇ" ಅಂದರೆ ಮುಗಿಯಿತು, ಹೆಸರು ಬಿಟ್ಟುಹೋಯಿತು ಅಂತ ಯಾರಿಗೂ ಅನಿಸುವುದಿಲ್ಲ, ಯಾರೂ ಮುನಿಸಿಕೊಳ್ಳುವುದಿಲ್ಲ. ಬಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ. ಇದ್ದಲ್ಲೇ ಇರುತ್ತದೆ, ನಮ್ಮ ಗಮನಕ್ಕೆ ಬರುವುದಿಲ್ಲ ಅಷ್ಟೇ. ಲೈಬ್ರರಿಯ ಮೆಟ್ಟಿಲು ಹನ್ನೊಂದೋ ಹನ್ನೆರಡೋ ಅಂತ ಊರಿನ ಮೊಣಕಾಲುಗಳಿಗೆ ಮಾತ್ರ ಗೊತ್ತು. ಪೇಟೆ ಬೀದಿಯ ನಡುವೆ ಒಂದು ಕಂಬವಿದೆಯಂತೆ. ನಾವೆಲ್ಲ ಅಲ್ಲಿ ಯಾಕೋ ಸೊಟ್ಟ ನಡೆಯುತ್ತೇವೆ.

ಬಿಡಬೇಕಾದ ಪ್ರತಿಯೊಂದನ್ನೂ ಪದ ಹೇಳುವ ಮೊದಲೇ ಪ್ರಯೋಗದ ಪುಸ್ತಕದಲ್ಲಿ ಬರೆದು, ಪುಟ ಮಡಿಚಿ, ಅರಗು ಹಾಕುವುದು ಪದ್ಧತಿ. ಬರೆದಿದ್ದನ್ನು ಮತ್ತೆ ಗಟ್ಟಿಯಾಗಿ ಓದಿದರೆ ಕೇಳಿದವರ ಮಟ್ಟಿಗೆ ಬಿಟ್ಟದ್ದು ವಾಪಸ್ಸು. ಅದಕ್ಕೇ ಅರಗು. ಕೆಲವನ್ನು ವಾಯಿದೆಯ ಮೇಲೆ ಬಿಡುವುದುಂಟು, ನಾಲ್ಕು ದಿನ, ಎಂಟು ದಿನ. ಆಗ ಬಿಡುವವನು ತನ್ನ ಶಲ್ಯದ ತುದಿಗೆ ಒಂದು ಗಂಟು ಹಾಕಿಕೊಳ್ಳಬೇಕು. ಯಾಕೆಂದರೆ ಹೇಳಿದ ಕ್ಷಣದಿಂದ ಅವನಿಗೂ ಅದು ಮರೆತುಹೋಗಿರುತ್ತದೆ. ಗಂಟು ಕಂಡಾಗ ಪುಸ್ತಕ ತೆಗೆಯಬೇಕು, ಅರಗು ಒಡೆಯಬೇಕು, ಓದಬೇಕು. ಮನೆಯವನ ಸರದಿ ಮುಗಿದು ಮಗನಿಗೆ ಪುಸ್ತಕ ಬಂದಾಗ, ಮಗ ಮೊದಲು ಮನೆಯಲ್ಲಿ ಅಪ್ಪನೆದುರು ಎಲ್ಲ ಅರಗನ್ನೂ ಒಡೆದು ಓದಬೇಕು, ಆಮೇಲೆ ಊರಿನೆದುರು.

ಅಪ್ಪನಿಗೆ ಹೋದ ಕಾರ್ತಿಕದಲ್ಲಿ ಲಕ್ವ ಹೊಡೆದು ಮಾತು ನಿಂತಿತು. ಬಲಗೈ ಉಳಿದಿತ್ತು, ಸ್ಲೇಟಿನ ಮೇಲೆ ಬರೆಯುತ್ತಿದ್ದರು. ಪುಸ್ತಕ ನನಗೆ ಬಂತು. ಕ್ರಿಯಾಪದದ ಮನೆಗೆ ಪದ್ದುವೇ ಸರಿ ಅಂತ ನಾನೇ ಜೋಕು ಹೊಡೆದುಕೊಂಡು ನಗುತ್ತಿದ್ದೆ. ನನ್ನ ಹೆಸರು ಅನಂತಪದ್ಮನಾಭ, ಊರಿಗೆ ಪದ್ದು. ಮನೆಯಲ್ಲಿ ನಾವಿಬ್ಬರೇ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅಡಿಗೆ ಯಾರು ಮಾಡುತ್ತಿದ್ದರು ಅಂತ ನೀವು ಕೇಳುತ್ತೀರಿ. ನಾವು ಕೇಳಲಿಲ್ಲ. ನಾನು ಅಪ್ಪ ಮಾಡುತ್ತಾರೆ ಅಂದುಕೊಂಡಿದ್ದೆ. ಅಪ್ಪ ನಾನು ಅಂದುಕೊಂಡಿದ್ದರು. "ಸಾರು ಚೆನ್ನಾಗಿದೆ" ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಊಟ ಮಾಡುತ್ತಿದ್ದೆವು. ಬಲಗೈ ಒಂದೇ ಆಡುವ ಮನುಷ್ಯ ಹೇಗೆ ತೆಂಗಿನಕಾಯಿ ತುರಿಯುತ್ತಾನೆ ಅಂತ ಬಿ.ಎ. ಓದಿದ ನನ್ನ ತಲೆಗೆ ಒಂದು ದಿನವೂ ಹೊಳೆಯಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಓದಲು ಕೂತೆ. ಅಪ್ಪ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಅರಗು ಒಡೆಯುವುದು, ಓದುವುದು. ಕೆಳಗಿನ ಓಣಿಯ ರಾಮಜೋಯಿಸರು ಷಷ್ಟ್ಯಬ್ದಿಯ ಫೋಟೋದಿಂದ ತಮ್ಮ ಷಡ್ಡಕನನ್ನು ಬಿಟ್ಟದ್ದು. ಭಜನೆ ಮಂಡಳಿಯವರು ಮೂರನೇ ಚರಣವನ್ನು ಬಿಟ್ಟದ್ದು, ಕಾರಣ ಶ್ರುತಿ. ಹೆಡ್ಮಾಸ್ತರು ಟೈಂಟೇಬಲ್ಲಿನಿಂದ ಗುರುವಾರದ ಕೊನೆಯ ಪೀರಿಯಡ್ಡನ್ನು ಬಿಟ್ಟದ್ದು. ನಾನು ಆ ಪೀರಿಯಡ್ಡಿನಲ್ಲಿ ಆರು ವರ್ಷ ಸುಮ್ಮನೆ ಕೂತಿದ್ದೆ ಅಂತ ಆಗಲೇ ಗೊತ್ತಾಗಿದ್ದು. ನಗು ಬಂತು, ಹೆಡ್ಮಾಸ್ತರ ಮೂಗಿನಲ್ಲೇ ಅದನ್ನು ಓದಿದೆ. ಅಪ್ಪನ ತುಟಿಯೂ ಅಲುಗಿತು. ಹಾಗೇ ಇನ್ನೂರ ಹನ್ನೆರಡನೆಯದಕ್ಕೆ ಬಂದೆ.

"ಏಳನೇ ಅರ್ಥ. ಪ್ರಯೋಗ ಇನ್ನೂರ ಹನ್ನೆರಡು. ಬಿಟ್ಟವರು, ಸರ್ವೋತ್ತಮಯ್ಯ. ಬಿಟ್ಟದ್ದು, ಹಿರಿಮಗಳು ಚಂದ್ರಭಾಗಿ, ವಯಸ್ಸು ಹದಿನಾರು. ಎಲ್ಲಿಂದ, ಎಲ್ಲರ ಗಮನದಿಂದ. ಕಾರಣ, ಅತಿಥಿಗಳೆದುರು ಅಣಕ ಮಾಡುತ್ತಾಳೆ. ವಾಯಿದೆ, ಎಂಟು ದಿನ. ನೆನಪಿಗೆ, ಶಲ್ಯದಲ್ಲಿ ಗಂಟು. ಹಿಂದಕ್ಕೆ ಪಡೆದ ದಿನ," ಅಂತ ಓದಿ ನಿಂತೆ. ಅಲ್ಲಿ ಖಾಲಿ ಇತ್ತು. ಮೇಲಿನ ತಾರೀಖು ಇಪ್ಪತ್ತಮೂರು ವರ್ಷದ ಹಿಂದಿನದು.

ಹಿಂದಿನಿಂದ ದನಿ ಬಂತು: "ಸರ್ಕೊಳ್ರೀ, ಬಿಸಿ ಇದೆ."

ನಾನೇ ಹೇಳಿದೆ ಅಂದುಕೊಂಡೆ. ನಿಜವಾಗಿ. ಕೈಯಿಂದ ಬಾಯಿ ಮುಟ್ಟಿ ನೋಡಿಕೊಂಡೆ, ಮುಚ್ಚಿತ್ತು. ತಿರುಗಿದರೆ ಅಡಿಗೆಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು. ಅಮ್ಮನ ಹಳೆಯ ಕೆಂಪಂಚಿನ ಸೀರೆ, ಕಿವಿಯ ಹತ್ತಿರ ನರೆತ ಕೂದಲು, ಕೈಯಲ್ಲಿ ಎರಡು ಲೋಟ ಕಾಫಿ. ನನ್ನ ಮೂಗು ಅವಳ ಮುಖದಲ್ಲಿತ್ತು.

ಅವಳು ದಿನವೂ ಬರುವ ಹಾಗೆ ಬಂದಳು. ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ಇಟ್ಟಳು. ಇನ್ನೊಂದನ್ನು ನನ್ನ ಮುಂದೆ ಚಾಚಿದಳು. ನಾನು ಲೋಟ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದೆ. ಅವಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿ, ಜಾರಿ, ಮತ್ತೆ ಬಂದು ನಿಂತಿತು. ಅವಳು ಒಂದು ಹೆಜ್ಜೆ ಎಡಕ್ಕೆ ಸರಿದಳು. ನನ್ನ ತಲೆಯೂ ಸರಿಯಿತು. ಬಲಕ್ಕೆ ಬಂದಳು, ನನ್ನ ತಲೆಯೂ ಬಂತು. ಲೋಟ ಹಿಡಿದುಕೊಂಡೇ ನೆಲದ ಮೇಲೆ ಮೆಲ್ಲಗೆ ಕೂತಳು.

"ಪದ್ದು," ಅಂದಳು, "ಕಾಣ್ತಿದೀನೇನೋ?"

ನಲವತ್ತೊಂದು ದನಿ ಇದ್ದ ನನ್ನ ಬಾಯಿಂದ ಒಂದೂ ಹೊರಡಲಿಲ್ಲ. ಅಪ್ಪನ ಕಡೆ ನೋಡಿದೆ. ಅವರೂ ಓದಿದ್ದನ್ನು ಕೇಳಿದ್ದರು. ಅವರ ಕಣ್ಣು ಅವಳ ಮೇಲಿತ್ತು. ಕೈ ಸ್ಲೇಟು ಹುಡುಕಿತು. ಬಳಪ ಕಿರುಗುಟ್ಟಿತು. ಒಂದೇ ಒಂದು ಪದ ಬರೆದು ಎತ್ತಿ ಹಿಡಿದರು.

ಬೆಲ್ಲ.

ಅಪ್ಪನಿಗೆ ತಲೆ ಕೆಟ್ಟಿತು ಅಂದುಕೊಂಡೆ. ಅವರು ಅಳಿಸಿ ಮತ್ತೆ ಬರೆದರು, ಅಕ್ಷರ ಒಂದರ ಮೇಲೊಂದು ಬಿದ್ದಿದ್ದವು. "ಗಂಟು ಬೆಲ್ಲ ತರುವುದಕ್ಕೆ ಹಾಕಿದ್ದು ಅಂದುಕೊಂಡೆ. ಬಿಚ್ಚಿಬಿಟ್ಟೆ."

ನನಗೆ ಕಿವಿಯಲ್ಲಿ ಬಸಲಿಂಗನ ಸ್ಟೋವು ಹೊತ್ತಿಕೊಂಡ ಹಾಗೆ ಭುಸ್ಸೆಂದಿತು. ಬೆಲ್ಲ! ಇಪ್ಪತ್ತಮೂರು ವರ್ಷ! ಅವಳು ಮಾತ್ರ ಸ್ಲೇಟನ್ನು ಓದಿ, ತಣ್ಣಗೆ, ಯಾವುದೋ ಹಳೆಯ ಲೆಕ್ಕ ಈಗ ತಾಳೆಯಾದ ಹಾಗೆ ತಲೆ ಆಡಿಸಿದಳು. "ಅದಾ? ಎಂಟನೇ ದಿನ ನಾನು ಬಾಗಿಲಲ್ಲೇ ನಿಂತಿದ್ದೆ ಅಪ್ಪ. ನೀವು ಪೇಟೆಯಿಂದ ಬಂದ್ರಿ, ಐದು ಅಚ್ಚು ಬೆಲ್ಲ ತಂದ್ರಿ. ಅಮ್ಮ, ಇಷ್ಟು ಯಾಕೆ ಅಂತ ಬೈದ್ರು. ಪಾಯಸ ಮಾಡಿದ್ದು ನಾನೇ." ಆಮೇಲೆ ನನ್ನ ಕಡೆ ತಿರುಗಿ, "ನೀನು ಎರಡು ಸಲ ಹಾಕಿಸ್ಕೊಂಡೆ" ಅಂದಳು.

ಆ ಮಧ್ಯಾಹ್ನ ಅವಳು ಹೇಳುತ್ತಾ ಹೋದಳು, ನಾನು ಕೇಳುತ್ತಾ ಹೋದೆ. ಅಳಲಿಲ್ಲ, ನನ್ನನ್ನು ಅಳಲು ಬಿಡಲೂ ಇಲ್ಲ. ಮೊದಮೊದಲು ಕಿರುಚಿದ್ದಳಂತೆ. ನಾವು ಕಿಟಕಿ ಹಾಕಿಕೊಂಡೆವಂತೆ, ಗಾಳಿ ಅಂತ. ಪುಸ್ತಕವನ್ನು ತಾನೇ ತೆರೆದು ಓದಿದಳಂತೆ. ಗಮನದಿಂದ ಬಿಟ್ಟುಹೋದವಳು ಓದಿದ್ದು ಯಾರ ಕಿವಿಗಾದರೂ ಬೀಳಬೇಕಲ್ಲ. ಓದಿ, ತಾನೇ ಮತ್ತೆ ಅರಗು ಹಾಕಿಟ್ಟಳಂತೆ, ಅಚ್ಚುಕಟ್ಟಾಗಿ. ಊರು ಬಿಟ್ಟು ಹೊರಟದ್ದು ಹದಿನಾಲ್ಕು ಸಲ. ಮೊದಲನೇ ಅರ್ಥದವರು ನೋಡಿ ಹೇಳಬೇಕು, ಅವರಿಗೆ ಇವಳು ಕಾಣುವುದಿಲ್ಲ. ಹದಿನಾಲ್ಕು ಸಲವೂ ಬಸಲಿಂಗನ ಹೋಟೆಲಿಗೇ ಬಂದು ನಿಂತು, ಹೇಗೂ ಬಂದೆನಲ್ಲ ಅಂತ ಚಹಾ ಕುಡಿದು ಮನೆಗೆ ಬಂದಳು. ಆಮೇಲೆ ಅದೇ ಅಭ್ಯಾಸವಾಯಿತು. ದಿನಾ ನಾಲ್ಕಕ್ಕೆ ಬೆಂಚಿನ ತುದಿಯಲ್ಲಿ ಕೂತು ನನ್ನ ಅಣಕ ನೋಡುತ್ತಿದ್ದಳು.

"ಅಮಲ್ದಾರರದ್ದು ನೀನು ತಪ್ಪು ಮಾಡ್ತೀಯ," ಅಂದಳು. "ಅವರು 'ನೋಡೋಣ' ಅನ್ನುವಾಗ ಕೊನೇಲಿ ಉಸಿರು ಒಳಗೆ ಎಳ್ಕೊಳ್ತಾರೆ. ನಾನು ನಿನಗೆ ಹಾಗಾ ಕಲಿಸಿದ್ದು?"

"ನೀನು ಕಲಿಸಿದ್ದಾ?"

"ಮತ್ತೆ? ನಾಲ್ಕು ವರ್ಷದವನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಗಿಳಿ, ಕಾಗೆ, ಸೋಡಾ ಬಾಟ್ಲಿ ಎಲ್ಲ ಬಾಯಿಪಾಠ ಮಾಡಿಸಿದ್ದು ಯಾರು? ನಾನು ಅಣಕಿಸಿದ್ದಕ್ಕೆ ಎಂಟು ದಿನ ಬಿಟ್ರು. ನೀನು ಅದೇ ಅಣಕಿಸಿದ್ದಕ್ಕೆ ಊರೆಲ್ಲ ಚಹಾ ಕೊಡಿಸ್ತು." ಆಮೇಲೆ, "ಭಾಗಿ ಅಂತ ಕರೀತಿದ್ರು ನನ್ನನ್ನ. ಭಾಗಿ!" ಅಂದು ನಕ್ಕಳು. ಆ ಜೋಕನ್ನು ನಾನು ಹೇಳಬೇಕಾಗಿತ್ತು. ಇಂಥದರಲ್ಲಿ ನನ್ನ ನಾಲಿಗೆ ಸಾಮಾನ್ಯವಾಗಿ ಯಾರಿಗೂ ಬಿಟ್ಟುಕೊಡುವುದಿಲ್ಲ. ಆವತ್ತು ಬಿಟ್ಟುಕೊಟ್ಟಿತು.

ಒಂದು ಮಾತು ಕೇಳಲೇಬೇಕಾಯಿತು. "ನೀನೂ ಈ ಮನೆಯವಳೇ. ನಿನ್ನ ಬಾಯಲ್ಲೂ ಆ ಪದ ನಡೀತದೆ. ಸಿಟ್ಟು ಬಂದು ನಮ್ಮನ್ನ ಬಿಟ್ಟುಬಿಡಬಹುದಿತ್ತಲ್ಲ?"

"ಬಿಡಬಹುದಿತ್ತು. ಆಗ ಮನೇಲಿ ಯಾರಿಗೆ ಯಾರೂ ಇರ್ತಿರ್ಲಿಲ್ಲ. ಅನ್ನ ಸೀದುಹೋಗ್ತಿತ್ತು." ಅಪ್ಪನ ಲೋಟದ ಕಾಫಿ ಆರಿತ್ತು. ಎದ್ದು ಬಿಸಿ ಮಾಡಲು ಒಳಗೆ ಹೋದಳು. ಅಲ್ಲಿಂದಲೇ, "ಅಮ್ಮ ಕೊನೇ ಮೂರು ತಿಂಗಳು ಮಲಗಿದ್ರಲ್ಲ, ರಾತ್ರಿಯೆಲ್ಲ ಕಾಲು ಒತ್ತಿದ್ದು ನಾನು. ಬೆಳಿಗ್ಗೆ ನಿನ್ನ ಕೇಳ್ತಿದ್ರು, 'ಕಾಲು ಒತ್ತಿದ್ದು ನೀನಾ ಪದ್ದು, ಕೈ ಎಷ್ಟು ತಂಪಾಗಿತ್ತು' ಅಂತ. ನೀನು ಏನಂತಿದ್ದೆ?"

ನಾನು ಹೌದಮ್ಮ ಅನ್ನುತ್ತಿದ್ದೆ. ಪ್ರತಿ ಬೆಳಿಗ್ಗೆ. ಮುದುಕಿಗೆ ಸಮಾಧಾನವಾಗಲಿ ಅಂತ ಅಂದುಕೊಂಡಿದ್ದೆ. ಅಮ್ಮ ನನ್ನ ಕೈ ಹಿಡಿದು ಹರಸಿ ಸತ್ತರು. ನನ್ನ ಕೈ ಬಿಸಿ, ಯಾವಾಗಲೂ ಬಿಸಿ.

ಮರುದಿನ ಬೆಳಿಗ್ಗೆ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮೊದಲನೇ ಅರ್ಥದ ಯಜಮಾನರಾದ ಚೆನ್ನಮಲ್ಲಪ್ಪನವರ ಮನೆಗೆ ಓಡಿದೆ. ಏಳು ಮನೆಗೂ ಅವರೇ ಹಿರಿಯರು. ಭಾಗಿ ಹಿಂದೆಯೇ ಬಂದಳು. ದಾರಿಯಲ್ಲಿ ಜನ ಅವಳನ್ನು ನೋಡದೆಯೇ ಅವಳಿಗೆ ದಾರಿ ಬಿಡುತ್ತಿದ್ದರು, ಪೇಟೆ ಬೀದಿಯ ಕಂಬಕ್ಕೆ ಬಿಡುವ ಹಾಗೆ. ಅದನ್ನು ನೋಡಲಾಗದೆ ತಲೆ ತಗ್ಗಿಸಿ ನಡೆದೆ.

ಚೆನ್ನಮಲ್ಲಪ್ಪನವರ ಕೆಮ್ಮು ನಮ್ಮೂರಲ್ಲಿ ಪ್ರಸಿದ್ಧ. "ಖುಂ, ಖುಂ, ಆಯ್ತು" ಅಂತ. ಪ್ರತಿ ಮಾತಿನ ಮುಂದೆ ಅದೊಂದು ರುಜು. ಜಗಲಿಯ ಮೇಲೆ ಕೂರಿಸಿ, "ಖುಂ, ಖುಂ, ಆಯ್ತು, ಏನಪ್ಪ ಬೆಳಿಗ್ಗೆಯೇ?" ಅಂದರು. ನಾನು ಏನೂ ಹೇಳದೆ ಇನ್ನೂರ ಹನ್ನೆರಡನೆಯದನ್ನು ಓದಿದೆ. ಓದಿ ಮುಗಿಸುವುದಕ್ಕೂ ಪಕ್ಕದಿಂದ "ಖುಂ, ಖುಂ, ಆಯ್ತು" ಅಂತ ಇನ್ನೊಂದು ಕೆಮ್ಮು ಬರುವುದಕ್ಕೂ ಸರಿಹೋಯಿತು. ಮುದುಕರು ತಮ್ಮ ಗಂಟಲು ಹಿಡಿದುಕೊಂಡರು. ಆಮೇಲೆ ಅವಳನ್ನು ಕಂಡರು. ಬಾಯಿ ತೆರೆದದ್ದು ಹಾಗೇ ಉಳಿಯಿತು.

"ನೀನು... ಸರ್ವೋತ್ತಮನ ಮಗಳು," ಅಂದರು. "ಊಟಕ್ಕೆ ಕೂತಾಗ ನನ್ನೆದುರೇ ನನ್ನ ಕೆಮ್ಮು ಕೆಮ್ಮಿದ್ದೆ. ಬೇರೆ ಆರು ಮನೆಯವರೂ ನಿಮ್ಮಲ್ಲಿ ಎಂಟು ದಿನದ ಕೂಟಕ್ಕೆ ಬರೋ ಹಿಂದಿನ ವಾರ." ಗಂಟಲಿನಿಂದ ಕೈ ತೆಗೆದರು. "ಆ ಹುಡುಗಿ ಬಾಯಿಗೆ ಏನಾದರೂ ಮಾಡಯ್ಯ ಅಂತ ನಿಮ್ಮಪ್ಪನಿಗೆ ಹೇಳಿದ್ದು ನಾನೇ. ಖುಂ... ಏನಾದರೂ ಅಂದ್ರೆ, ಬೈದು ಹೇಳು ಅಂತ."

ಒಳಗಿನಿಂದ ಮಜ್ಜಿಗೆ ಬಂತು, ಎರಡೇ ಲೋಟ. ಚೆನ್ನಮಲ್ಲಪ್ಪನವರು ತಮ್ಮ ಲೋಟವನ್ನು ಅವಳ ಮುಂದೆ ಇಟ್ಟರು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಯಜಮಾನರ ದನಿ ಬಂತು. "ಪದ್ದು, ಕೇಳು. ಇದನ್ನ ಊರೆದುರು ಓದಿದರೆ ಏಳನೇ ಅರ್ಥ ನಿಮ್ಮ ಮನೆಗೆ ತಪ್ಪುತ್ತೆ. ವಾಯಿದೆ ತಪ್ಪಿಸಿದ ಮನೆಯಲ್ಲಿ ಪುಸ್ತಕ ಇರೋ ಹಾಗಿಲ್ಲ. ಅಪ್ಪನ ಮುಖಕ್ಕೆ ಈ ವಯಸ್ಸಲ್ಲಿ ಜನ ಉಗೀತಾರೆ. ಬೇರೆ ದಾರಿ ಇದೆ. ಈ ಪ್ರಯೋಗವನ್ನೇ ಪುಸ್ತಕದಿಂದ ಬಿಟ್ಟುಬಿಡು. ಇದರ ಮೇಲೆ ಲೆಸ್ಸೇ ಅನ್ನು. ಬರೆದದ್ದೇ ಇಲ್ಲ ಅಂದ ಮೇಲೆ ಮಗಳು ಯಾವತ್ತೂ ಮನೆಯಲ್ಲೇ ಇದ್ದ ಹಾಗೆ. ಎಲ್ಲರಿಗೂ ಕಾಣ್ತಾಳೆ. ಏನು ನಡೀತು ಅಂತ ಯಾರಿಗೂ ನೆನಪಿರಲ್ಲ. ನಿನಗೂ ಇಲ್ಲ, ಅಪ್ಪನಿಗೂ ಇಲ್ಲ, ನನಗೂ ಇಲ್ಲ. ನಿನಗೂ ಇರಲ್ಲ ತಾಯಿ, ನೋವೇ ಇರಲ್ಲ."

ನಿಜ ಹೇಳುತ್ತೇನೆ, ನನ್ನ ತುಟಿ ಆಗಲೇ ಆ ಪದಕ್ಕೆ ಸಿದ್ಧವಾಗಿತ್ತು. ನಾಲಿಗೆ ಹಲ್ಲಿನ ಹಿಂದೆ ಹೋಗಿ ಕೂತಿತ್ತು. ಎರಡು ಅಕ್ಷರ ಅಂದರೆ ಸಾಕು, ಅಕ್ಕ ಸಿಗುತ್ತಾಳೆ, ಪುಸ್ತಕ ಉಳಿಯುತ್ತದೆ, ಅಮ್ಮನ ಕಾಲಿನ ವಿಷಯ ನನ್ನ ತಲೆಯಿಂದ ಹೋಗುತ್ತದೆ. ಹಿಂದಿನ ದಿನದಿಂದ ನಾನು ಅನ್ನ ನುಂಗಿರಲಿಲ್ಲ. ಭಾಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ಬಾಯಿಯ ಕೆಲಸ ಗೊತ್ತಿದ್ದವಳು, ಅವಳಿಗೆ ತಿಳಿಯಿತು.

"ಹಾಗೆ ಮಾಡಿದ್ರೆ," ಅಂದಳು, "ಅಮ್ಮನ ಕಾಲು ಒತ್ತಿದ್ದು ಪದ್ದು ಅಂತಲೇ ಉಳೀತದೆ. ಅದನ್ನ ನಾನು ಕೊಡಲ್ಲ."

"ನೋವು ಹೋಗುತ್ತಲ್ಲ ತಾಯಿ."

"ಇಪ್ಪತ್ತಮೂರು ವರ್ಷದಲ್ಲಿ ನನ್ನದು ಅಂತ ಇರೋದು ಅದೊಂದೇ ಯಜಮಾನ್ರೇ. ಬರೋದಾದ್ರೆ ಅದನ್ನ ತಗೊಂಡೇ ಬರ್ತೀನಿ." ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟಳು. "ಉಪ್ಪು ಕಮ್ಮಿ."

ಊರಿನೆದುರು ಓದುವ ದಿನ ಬುಧವಾರ. ಪುರಭವನದಲ್ಲಿ ಇನ್ನೂರು ಜನ. ಈ ಓದು ಅಂದರೆ ನಮ್ಮೂರಿಗೆ ಒಂದು ನಿದ್ದೆ ಕಾರ್ಯಕ್ರಮ. ಇಷ್ಟಿಷ್ಟೇ ವಾಪಸ್ಸು ಬರುತ್ತದೆ, ಜನ ಓ ಅನ್ನುತ್ತಾರೆ, ಮತ್ತೆ ತೂಕಡಿಸುತ್ತಾರೆ. ಷಡ್ಡಕ ವಾಪಸ್ಸು ಬಂದ. ಅವನು ಮುಂದಿನ ಸಾಲಿನಲ್ಲೇ ಕೂತಿದ್ದ. ರಾಮಜೋಯಿಸರು ಬೇರೆ ಕಡೆ ನೋಡಿದರು. ಮೂರನೇ ಚರಣ ಬಂದಾಗ ಭಜನೆ ಮಂಡಳಿಯವರು ಮುಖ ಮುಚ್ಚಿಕೊಂಡರು. ಜನ ನಕ್ಕರು. ವೇದಿಕೆಯ ಮೇಲೆ ಅಪ್ಪನನ್ನು ಕುರ್ಚಿ ಸಮೇತ ತಂದು ಕೂರಿಸಿದ್ದರು. ತೊಡೆಯ ಮೇಲೆ ಸ್ಲೇಟು. ಭಾಗಿ ಅವರ ಹಿಂದೆ ನಿಂತಿದ್ದಳು. ಇನ್ನೂರು ಜೊತೆ ಕಣ್ಣುಗಳು ಅವಳ ಎಡಕ್ಕೂ ಬಲಕ್ಕೂ ಹರಿದು ಹೋಗುತ್ತಿದ್ದವು, ಹೊಳೆ ಕಲ್ಲನ್ನು ಬಳಸಿಕೊಂಡು ಹೋಗುವ ಹಾಗೆ.

ಇನ್ನೂರ ಹನ್ನೊಂದು ಮುಗಿಯಿತು. ಮುಂದಿನ ಸಾಲಿನಿಂದ ಚೆನ್ನಮಲ್ಲಪ್ಪನವರು ಕೆಮ್ಮಿದರು. ಅದು ಕೆಮ್ಮಲ್ಲ, ಸೂಚನೆ. ಎರಡು ಪುಟ ಒಟ್ಟಿಗೆ ಮಗುಚಿದರೂ ಯಾರಿಗೂ ತಿಳಿಯುವುದಿಲ್ಲ ಅಂತ ನನಗೂ ಗೊತ್ತಿತ್ತು. ಅಪ್ಪನನ್ನು ನೋಡಿದೆ. ಅವರು ಸ್ಲೇಟು ಎತ್ತಿದರು. ಅದರಲ್ಲಿ ಬೆಳಿಗ್ಗೆಯೇ ಬರೆದು ತಂದಿದ್ದರು: "ಓದು."

ಯಾವ ದನಿಯಲ್ಲಿ ಓದುವುದು? ನನ್ನ ಸ್ವಂತ ದನಿ ಯಾವುದು ಅಂತ ನನಗೆ ಆ ಕ್ಷಣ ಮರೆತೇಹೋಯಿತು. ಬಾಯಿ ತೆರೆದೆ. ಬಂದದ್ದು ನಲವತ್ತೊಂದನೆಯದು, ಒಡಕು ದನಿ, ಕೊನೆಯಲ್ಲಿ ಮೇಲೇಳುವುದು. ಆ ದನಿಯಲ್ಲೇ ಓದಿದೆ. ಬಿಟ್ಟದ್ದು, ಹಿರಿಮಗಳು ಚಂದ್ರಭಾಗಿ. ಕಾರಣ. ವಾಯಿದೆ ಎಂಟು ದಿನ. ಹಿಂದಕ್ಕೆ ಪಡೆದ ದಿನ, ಇಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನೂ ಓದಿದೆ: ಬೆಲ್ಲ, ಐದು ಅಚ್ಚು. ಹದಿನಾಲ್ಕು ಸಲ ಹೊರಟದ್ದು. ಅಮ್ಮನ ಕಾಲು ಒತ್ತಿದ್ದು ಪದ್ದು ಅಲ್ಲ.

ಒಬ್ಬರೂ ಓ ಅನ್ನಲಿಲ್ಲ. ಇನ್ನೂರು ಜನ ಒಟ್ಟಿಗೆ ಉಸಿರು ಒಳಗೆಳೆದುಕೊಂಡು ಹೊರಗೆ ಬಿಡಲು ಮರೆತರೆ ಎಂಥ ಶಬ್ದ ಬರುತ್ತದೆ ಅಂತ ನಾನು ಆಮೇಲೆ ಎಷ್ಟೋ ಸಲ ಅಣಕಿಸಲು ನೋಡಿದ್ದೇನೆ, ಬಂದಿಲ್ಲ. ಗಂಗಾಂಬಿಕಮ್ಮ ಎದ್ದು ನಿಂತರು, ಏನನ್ನು ನಿಲ್ಲಿಸಬೇಕೋ ತಿಳಿಯದೆ ಮತ್ತೆ ಕೂತರು. ಹೆಡ್ಮಾಸ್ತರು ಮೂಗಿನಿಂದಲ್ಲ, ಬಾಯಿಂದಲೇ, "ನನ್ನ ಕ್ಲಾಸಿನ ಹುಡುಗಿ, ಹತ್ತನೇ ಕ್ಲಾಸಿನ ಹುಡುಗಿ" ಅಂದರು. ಹಿಂದಿನಿಂದ ಬಸಲಿಂಗ ಜನರನ್ನು ತಳ್ಳಿಕೊಂಡು ಬಂದ. ವೇದಿಕೆಯ ಕೆಳಗೆ ನಿಂತು ಅವಳನ್ನು ನೋಡುತ್ತಲೇ ಇದ್ದ.

"ಅಕ್ಕಾ," ಅಂದ, "ದಿನಾ ಒಂದು ಲೋಟ ಚಹಾ ಜಾಸ್ತಿ ಮಾಡ್ತಿದ್ದೆ. ಯಾಕೆ ಅಂತ ಗೊತ್ತಿರ್ಲಿಲ್ಲ. ಸುರಿದು ಹೋಯ್ತು ಅಂದ್ಕೊಳ್ತಿದ್ದೆ. ಕೈ ಮಾಡ್ತಿತ್ತು, ಅಷ್ಟೇ."

"ಸಕ್ಕರೆ ಕಮ್ಮಿ ಮಾಡು ಅಂತ ಹನ್ನೆರಡು ವರ್ಷದಿಂದ ಹೇಳ್ತಿದ್ದೆ, ಬಸಲಿಂಗ," ಅಂದಳು ಭಾಗಿ. ಆಗ ಎಲ್ಲರೂ ನನ್ನ ಬಾಯಿ ನೋಡಿದರು. ನನ್ನ ಬಾಯಿ ಮುಚ್ಚಿತ್ತು. ದನಿ ಯಾರದೆಂದು ಊರಿಗೆ ತಿಳಿಯಿತು.

ಆ ಸಂಜೆ ಪುಸ್ತಕ ನಮ್ಮ ಮನೆಯಿಂದ ಹೋಯಿತು. ಬೇರೆ ಆರು ಮನೆಯವರೂ ಅದನ್ನು ಮುಟ್ಟಲು ಒಪ್ಪಲಿಲ್ಲ, ಪುರಭವನದ ಬೀರುವಿನಲ್ಲಿ ಬಿದ್ದಿದೆ. ಈಗ ನಮ್ಮೂರಿನಲ್ಲಿ ಏನನ್ನೂ ಬಿಡುವಂತಿಲ್ಲ. ಮದುವೆಯ ಕಾಗದ ಹದಿನಾರು ಪುಟ ಬರುತ್ತದೆ. ಮೂರನೇ ಚರಣವನ್ನು ಹಾಗೇ ಕೇಳಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಊಟಕ್ಕೆ ಕೂರುವ ಮೊದಲು ಯಜಮಾನರು ಎದ್ದು ಅಡಿಗೆಮನೆ, ಹಿತ್ತಲು, ನಡುಮನೆ ಸುತ್ತಿ ತಲೆ ಎಣಿಸುತ್ತಾರೆ. ಎಣಿಸಿ, ಮತ್ತೊಮ್ಮೆ ಎಣಿಸುತ್ತಾರೆ. ಅಪ್ಪನ ಮುಖಕ್ಕೆ ಯಾರೂ ಉಗಿಯಲಿಲ್ಲ. ನಮ್ಮ ಮನೆ ಮುಂದೆ ಹೋಗುವಾಗ ಸ್ವಲ್ಪ ಬೇಗ ನಡೆಯುತ್ತಾರೆ, ಅಷ್ಟೇ.

ಭಾಗಿ ಹದಿನೈದು ದಿನ ಇದ್ದಳು. ಹದಿನಾರನೇ ದಿನ ಬೆಳಿಗ್ಗೆ ಅಮ್ಮನ ಕೆಂಪಂಚಿನ ಸೀರೆ ಉಟ್ಟು, ಒಂದು ಕೈಚೀಲ ಹಿಡಿದು ನಡುಮನೆಗೆ ಬಂದಳು. ಎಲ್ಲಿಗೆ ಅಂತ ಕೇಳಿದೆ. "ಗೊತ್ತಿಲ್ಲ ಕಣೋ. ಮೊದಲು ಗಡಿಕಲ್ಲು ದಾಟಿದ್ರೆ ಹೇಗಿರುತ್ತೆ ನೋಡಬೇಕು" ಅಂದಳು. ವಾಪಸ್ಸು ಬರ್ತೀಯಾ ಅಂತ ಕೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯಲಿಲ್ಲ. ಅವಳು ಅಪ್ಪನ ಹತ್ತಿರ ಹೋದಳು. ಅವರ ಶಲ್ಯದ ತುದಿ ತೆಗೆದುಕೊಂಡು ಗಂಟು ಹಾಕಿದಳು. ಎಳೆದು ಬಿಗಿ ಮಾಡಿದಳು.

"ಇದು ಬೆಲ್ಲಕ್ಕಲ್ಲ," ಅಂದಳು.

ಗಡಿಕಲ್ಲಿನ ಹತ್ತಿರ ಚೆನ್ನಮಲ್ಲಪ್ಪನವರು ಕಾದಿದ್ದರು. ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, ಪದ್ಧತಿಗೆ ಬೇಕಾದ್ದಕ್ಕಿಂತ ಬಹಳ ಹೊತ್ತು ನೋಡಿದರು. ಕೆಮ್ಮಲಿಲ್ಲ. "ಲೆಸ್ಸೇ" ಅಂದರು. ಅವಳ ಕಾಲು ಕಲ್ಲು ದಾಟಿತು. ಅಲ್ಲಿ ನಿಂತು ಒಂದು ಸಲ ನೆಲವನ್ನು ತುಳಿದು ನೋಡಿದಳು, ಗಟ್ಟಿಯಿದೆಯೋ ಇಲ್ಲವೋ ಅಂತ. ಆಮೇಲೆ ತಿರುಗಿ ನೋಡದೆ ಹೋದಳು.

ನಾಲ್ಕು ತಿಂಗಳಾಯಿತು. ಅಪ್ಪ ಆ ಗಂಟನ್ನು ಹೆಬ್ಬೆರಳಿನಿಂದ ಸವರುತ್ತಾ ಕೂರುತ್ತಾರೆ. ಶಲ್ಯ ಒಗೆಯಲು ಕೊಡುವುದಿಲ್ಲ. ಸಾರು ನಾನೇ ಮಾಡುತ್ತೇನೆ. ಚೆನ್ನಾಗಿದೆ ಅಂತ ಇಬ್ಬರೂ ಹೇಳುವುದಿಲ್ಲ. ಬಸಲಿಂಗನ ಹೋಟೆಲಿಗೆ ಹೋಗುವುದನ್ನು ನಿಲ್ಲಿಸಿದ್ದೆ. ನಿನ್ನೆ ಅವನೇ ಬಂದು ಎಳೆದುಕೊಂಡು ಹೋದ. ಬೆಂಚಿನ ತುದಿ ಖಾಲಿ ಇತ್ತು. ಅಲ್ಲಿ ಯಾರೂ ಕೂರುವುದಿಲ್ಲವಂತೆ. ಅಮಲ್ದಾರರನ್ನು ಮಾಡಿದೆ, "ನೋಡೋಣ" ಅನ್ನುವಾಗ ಉಸಿರು ಒಳಗೆಳೆದುಕೊಂಡೆ. ಜನ ಮೊದಲಿಗಿಂತ ಜಾಸ್ತಿ ನಕ್ಕರು. ಗಿಳಿ ಮಾಡಿದೆ, ಸ್ಟೋವು ಮಾಡಿದೆ. ಆಮೇಲೆ ನಾನು ಬೇಕೆಂದು ಮಾಡಲಿಲ್ಲ, ಅದಾಗಿಯೇ ಬಂತು: "ಸರ್ಕೊಳ್ರೀ, ಬಿಸಿ ಇದೆ!"

ಹೋಟೆಲಿನಲ್ಲಿದ್ದ ಅಷ್ಟೂ ಜನ ಎದ್ದು ಸರಿದು ದಾರಿ ಬಿಟ್ಟು, ಬಾಗಿಲ ಕಡೆ ನೋಡಿದರು.